ಮೂವತ್ತಾರು ಕೊಳವೆಗಳು

ದಿನಾಂಕ 10-2-2025, ಸೋಮವಾರ, ಬೆಳಿಗ್ಗೆ 9-40. ಪೋರೂರಿನ ಠಾಣೆಗೆ ಒಂದು ಕ್ಯಾನ್ಸರ್ ಸಂಶೋಧನಾಲಯದ ಮುಖ್ಯಸ್ಥ ಮನೀಶ್ ದೂರು ತಂದರು. ಫ್ರೀಜರಿನಲ್ಲಿರಬೇಕಿದ್ದ, ಪ್ರಯೋಗದ ಮಾದರಿ ತುಂಬಿದ ಮೂವತ್ತಾರು ಕೊಳವೆಗಳನ್ನು ಯಾರೋ ಹೊರಗಿಟ್ಟು ಕೆಡಿಸಿದ್ದರು. ಹದಿನಾಲ್ಕು ತಿಂಗಳ ಕೆಲಸ ಹಾಳಾಗಿತ್ತು. ಶಂಕಿತರ ಹೆಸರನ್ನೂ ಅವರೇ ಬರೆದಿದ್ದರು: ಕಸ ಗುಡಿಸುವ ಕರಿಯಮ್ಮ. ಆಕೆಯನ್ನು ಆಗಲೇ ಕೆಲಸದಿಂದ ನಿಲ್ಲಿಸಿಯೂ ಆಗಿತ್ತು.

ಇನ್‌ಸ್ಪೆಕ್ಟರ್ ಬಾಬು, ರೈಲ್ವೆ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದ ಕನ್ನಡಿಗರ ಮಗ, ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಜಲಜಾರೊಡನೆ ಸ್ಥಳಕ್ಕೆ ಹೋಗಿ ಮಹಜರು ನಡೆಸಿದರು.

"ಮುಟ್ಟಲೇ ಇಲ್ಲ ಸಾರ್, ಸತ್ಯಮಾ," ಎಂದಳು ಅಲ್ಲಿಗೆ ಕರೆಸಿದ್ದ ಕರಿಯಮ್ಮ. "ಆ ಪೆಟ್ಟಿ ತೆಗೆದ್ರೆ ಕೈ ಸುಡುತ್ತೆ ಅಂತ ಈ ಲ್ಯಾಬಿನವರೇ ಬೆದರ್ಸಿದ್ದಾರೆ."

"ಶನಿವಾರ ಎಷ್ಟು ಗಂಟೆಗೆ ಹೋದೆಯಮ್ಮ?"

"ನಾಲ್ಕೂಕಾಲು. ಗೇಟಲ್ಲಿ ಸೈನ್ ಇದೆ, ನೋಡಿ."

ಇತ್ತು. ಫ್ರೀಜರಿನ ಉಷ್ಣತಾ ದಾಖಲೆಯ ಪ್ರಕಾರ ಬಾಗಿಲು ತೆರೆದದ್ದು ಶನಿವಾರ ಸಂಜೆ 5-42ಕ್ಕೆ. ಒಳಗೆ ಕೊಳವೆಗಳನ್ನು ಜೋಡಿಸಿಟ್ಟ ಆರು ಚೌಕಟ್ಟುಗಳಿದ್ದವು, ಹೊರಬಂದದ್ದು ಒಂದೇ. ತೆಗೆದವರಿಗೆ ಯಾವುದು ಬೇಕೆಂದು ತಿಳಿದಿತ್ತು. ಅದು ಸಂಶೋಧಕಿ ಶಾಲಿನಿಯದು.

"ಇದರಲ್ಲಿ ಏನಿತ್ತು?" ಎಂದು ಬಾಬು ಆಕೆಯನ್ನು ಕೇಳಿದರು.

"ಕ್ಯಾನ್ಸರ್ ಜೀವಕೋಶದ ಪ್ರೋಟೀನ್ ಸಾರ್. ಬೆಳೆಯೋ ಆಜ್ಞೆ ಕೋಶದೊಳಗೆ ಒಂದು ದಾರೀಲಿ ಸಾಗುತ್ತೆ. ಮದ್ದು ಆ ದಾರೀನ ತಡೆಯುತ್ತೆ. ಆಗ ಆ ಆಜ್ಞೆಯಿಂದ ಹುಟ್ಟೋ ಪ್ರೋಟೀನ್ ಮಾತ್ರ ಇಳೀಬೇಕು."

"ಇಳಿದಿತ್ತಾ?"

"ಎಲ್ಲವೂ ಇಳಿದಿದ್ವು, ಸಂಬಂಧ ಇಲ್ಲದ್ದೂ. ಒಂದು ರಸ್ತೆ ಮುಚ್ಚಿದ್ರೆ ಊರೇ ಖಾಲಿಯಾದ ಹಾಗೆ. ಅದಕ್ಕೇ ಕೊಳವೆಗಳಲ್ಲಿ ಮದ್ದು ಎಷ್ಟಿದೆ ಅಂತ ಸೋಮವಾರ ಅಳೀಬೇಕು ಅಂದುಕೊಂಡಿದ್ದೆ."

"ಯಾರಿಗೆ ಹೇಳಿದ್ರಿ?"

"ಸುಬ್ರಾಯರಿಗೆ ಮಾತ್ರ. ಮದ್ದು ಬೆರೆಸೋರು ಅವರೇ."

ಬುಧವಾರ, 11-15. ಮದ್ದು ಬೆರೆಸಿದ ಪುಸ್ತಕವನ್ನು ವಶಪಡಿಸಿಕೊಂಡು, ಬಾಬು ಅದರ ಲೆಕ್ಕವನ್ನು ಪೆನ್ಸಿಲಿನಲ್ಲಿ ಮತ್ತೊಮ್ಮೆ ಮಾಡಿದರು. 0.1 ಬರಬೇಕಾದಲ್ಲಿ 1.0 ಇತ್ತು. ಹತ್ತು ಪಟ್ಟು. ಬರಹ ಹಿರಿಯ ತಂತ್ರಜ್ಞ ಸುಬ್ರಾಯರದು.

"ಶನಿವಾರ 5-42ಕ್ಕೆ ಎಲ್ಲಿದ್ರಿ?"

ಸುಬ್ರಾಯರು ಆ ಪುಟವನ್ನೇ ನೋಡುತ್ತಿದ್ದರು. "ಇಲ್ಲೇ. ನಾನೇ ಹೊರಗೆ ಇಟ್ಟದ್ದು. ಮೂವತ್ತೊಂದು ವರ್ಷ ಒಂದು ಬಿಂದು ತಪ್ಪಿದವನಲ್ಲ ಮಾರಾಯ್ರೆ. ಈ ತಿಂಗಳ ಕೊನೆಗೆ ನಿವೃತ್ತಿ."

"ತಪ್ಪಾಯ್ತು ಅಂದಿದ್ರೆ ಮುಗೀತಿತ್ತು."

"ಆ ಹುಡುಗಿಗೆ ಲೆಕ್ಕ ಕಲಿಸಿದ್ದು ನಾನು. ಎಂತ ಹೇಳುದು?"

"ಕರಿಯಮ್ಮನ ಮೇಲೆ ಬರುತ್ತೆ ಅಂತ ಗೊತ್ತಿತ್ತಾ?"

"ಇಲ್ಲ."

"ಸೋಮವಾರ ಗೊತ್ತಾಯ್ತಲ್ಲ."

ಸುಬ್ರಾಯರು ಪುಸ್ತಕವನ್ನು ಮುಚ್ಚಿ ಬಾಬು ಅವರತ್ತ ಸರಿಸಿದರು.

12-05ಕ್ಕೆ ಬಂಧನವಾಯಿತು. ಕರಿಯಮ್ಮನ ಹೆಸರು ಪ್ರಕರಣದಲ್ಲಿ ಉಳಿಯುವುದಿಲ್ಲವೆಂದು ಬಾಬು ಮನೀಶರಿಗೆ ತಿಳಿಸಿದರು.

ಠಾಣೆಯಲ್ಲಿ ಸಹಿಗೆ ಮುನ್ನ ಸುಬ್ರಾಯರು ತಮ್ಮ ಹೇಳಿಕೆಯನ್ನು ಎರಡು ಸಲ ಓದಿದರು. 'ಕರಿಯಮ್ಮನ ಮೇಲೆ ಆರೋಪ ಬಂದ ಮೇಲೂ ಒಂದು ದಿನ ಸುಮ್ಮನಿದ್ದೆ' ಎಂದು ಜಲಜಾ ಬರೆದಿದ್ದರು. ಸುಬ್ರಾಯರು ಪೆನ್ನು ಕೇಳಿ ಪಡೆದು, 'ಒಂದು' ಎಂಬುದನ್ನು ಹೊಡೆದು, 'ಎರಡು' ಎಂದು ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದರು.