ಬಚ್ಚಲಿಗೆ ನುಗ್ಗಿದ ಕಡಲು

ಶುಕ್ರವಾರ ಬೆಳಿಗ್ಗೆ ಒಂಬತ್ತು ನಲವತ್ತು. ಬಂದರಿನ ಕಾವಲುಗಾರ ಹಾಯಿದೋಣಿಯ ಚಾವಣಿಯ ಗಾಜು ಒಡೆದು, ಬಚ್ಚಲಿನಲ್ಲಿ ಸಿಕ್ಕಿಬಿದ್ದಿದ್ದ ಹೆಂಗಸನ್ನು ಮೇಲೆಳೆದ. ಆಕೆ ದೋಣಿಯ ಒಡೆಯನ ಹೆಂಡತಿ. ನೀರು ಸೊಂಟ ದಾಟಿತ್ತು.

ಒಳಗಿದ್ದದ್ದು ನಲವತ್ತು ನಿಮಿಷ. ಹೋದಾಗಲೇ ಕಮೋಡ್ ಉಕ್ಕುತ್ತಿತ್ತು. ತಿರುಗುವಷ್ಟರಲ್ಲಿ ದೋಣಿ ವಾಲಿ ಬಾಗಿಲು ಮುಚ್ಚಿತು. ಹೊರಗೆ ತೇಲಿದ ನೆಲದ ಹಲಗೆ ಅದಕ್ಕೆ ಅಡ್ಡ ನಿಂತಿತು. ನೀರು ನಿಲ್ಲಿಸುವ ವಾಲ್ವ್ ಇದ್ದದ್ದೂ ಹೊರಗೇ. ಗಂಡ ಎಂಟಕ್ಕೆ ಕಮೋಡ್ ಬಳಸಿ ಪೇಟೆಗೆ ಹೋಗಿದ್ದ.

ಬಚ್ಚಲು ಹೊಸದಾಗಿ ಕಟ್ಟಿಸಿದ್ದು. ಪೈಪಿನ ಕೆಲಸ ಮಾಡಿದ ಪ್ಲಂಬರ್ ಅವಳ ತಮ್ಮ. ಬಂದರಿನ ಕಚೇರಿ ಹನ್ನೊಂದಕ್ಕೆ ಅವನ ಪರವಾನಗಿ ಕಿತ್ತುಕೊಂಡಿತು, ಗೇಟು ದಾಟಬಾರದೆಂದಿತು. ಪರವಾನಗಿ ಹೋದರೆ ಅವನ ಅನ್ನವೇ ಹೋದಂತೆ.

ನೀರು ಹೊರಹಾಕಿದ ಮೇಲೆ ತಪಾಸಣಾಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಇಬ್ಬರು ನಿಂತರೆ ಮೊಣಕೈ ತಗಲುವ ಆ ಬಚ್ಚಲಿನಲ್ಲೇ ಒಡೆಯನನ್ನೂ, ತಾವೇ ಗೇಟಿನಿಂದ ಒಳಗೆ ಕರೆಸಿದ ಪ್ಲಂಬರನನ್ನೂ ನಿಲ್ಲಿಸಿಕೊಂಡರು. ಅಕ್ಕ ಕಂಬಳಿ ಹೊದ್ದು ಹೊರಗೆ ಕೂತಳು. ಒಳಗೆ ಕಾಲಿಡಲು ಒಪ್ಪಲಿಲ್ಲ.

"ಪೈಪಿನ ಕ್ಲಿಪ್ ಸಡಿಲ ಬಿಟ್ಟಿದ್ದಾನೆ, ಇನ್ನೇನು?" ಎಂದ ಒಡೆಯ. "ಮನೆಯವನು ಅಂತ ಕೆಲಸ ಕೊಟ್ಟೆ. ಅಕ್ಕನನ್ನೇ ಮುಳುಗಿಸ್ತಿದ್ದ."

"ಒಂದು ಕ್ಲಿಪ್ ಅಲ್ಲಾಡಿದ್ರೂ ನಾನೇ ಊರು ಬಿಡ್ತೀನಿ ಭಾವ," ಎಂದ ಪ್ಲಂಬರ್.

ಅಧಿಕಾರಿ ಒಂದೊಂದನ್ನೂ ತಿರುಗಿಸಿ ನೋಡಿದರು. ಎಂಟೂ ಬಿಗಿ. ಹಾಗಾದರೆ ನೀರು ಬಂದದ್ದೆಲ್ಲಿಂದ?

ಪ್ಲಂಬರ್ ವಿವರಿಸಿದ. ಕಮೋಡ್ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಅದಕ್ಕೇ, ತೊಳೆಯಲು ಕಡಲ ನೀರು ತರುವ ಪೈಪನ್ನು ಕನ್ನಡಿಯ ಹಿಂದೆ ಎತ್ತರಕ್ಕೆ ಒಯ್ದು, ಬಾಗಿಸಿ, ಕೆಳಗಿಳಿಸಿದ್ದ. ತಿರುವಿನ ತುದಿಯಲ್ಲಿ ಗಾಳಿ ಆಡಲು ಗುಂಡುಸೂಜಿಯಷ್ಟು ತೂತು. ಅದು ತೆರೆದಿದ್ದರೆ, ಪಂಪು ಒತ್ತುವುದು ನಿಲ್ಲಿಸಿದೊಡನೆ ನೀರೂ ನಿಲ್ಲುತ್ತದೆ. ಮುಚ್ಚಿದರೆ — ಡ್ರಮ್ಮಿಗೆ ಪೈಪು ಇಳಿಬಿಟ್ಟು ಒಮ್ಮೆ ಎಳೆದ ಹಾಗೆ — ಕಡಲು ತಾನಾಗಿ ಸುರಿಯುತ್ತಲೇ ಇರುತ್ತದೆ.

ಕನ್ನಡಿ ಬಿಚ್ಚಿಸಿದರು. ತೂತಿನ ಮೇಲೆ ಬಿಳಿ ಸಿಲಿಕೋನ್ ಅಂಟು.

"ಆ ಅಂಟಿನ ಟ್ಯೂಬ್ ನಿಂದೇ ಅಲ್ವಾ?" ಎಂದ ಒಡೆಯ.

"ನಂದೇ. ಇಲ್ಲೇ ಬಿಟ್ಟು ಹೋಗಿದ್ದೆ."

"ನಿಜ ಹೇಳೋ," ಎಂದಳು ಅಕ್ಕ ಹೊರಗಿನಿಂದ.

ಅಧಿಕಾರಿ ಒಡೆಯನತ್ತ ತಿರುಗಿದರು — ಕನ್ನಡಿ ಯಾವಾಗಲಾದರೂ ಬಿಚ್ಚಿದ್ದಿರಾ? ಮುಟ್ಟೇ ಇಲ್ಲ ಎಂದ. ತಾನು ಮಾಡಿದ್ದು ಗೋಡೆಯ ಹಲಗೆಗೆ ವಾರ್ನಿಷ್ ಒಂದೇ, ಗುರುವಾರ; ಅದು ಒಣಗಲೆಂದು ಇವತ್ತು ಬೆಳಿಗ್ಗೆವರೆಗೆ ಬಚ್ಚಲು ಯಾರೂ ಬಳಸಿರಲಿಲ್ಲ.

ಕನ್ನಡಿಯ ಅಡಿಯಿಂದ ಹೊಸ ಹಲಗೆಯ ಮೇಲೆ ಬೆರಳುದ್ದದ ಬಿಳಿ ಗೆರೆಯೊಂದು ಇಳಿದಿತ್ತು. ಅಧಿಕಾರಿ ಒದ್ದೆ ಬಟ್ಟೆಯಿಂದ ಉಜ್ಜಿದರು. ಹೋಗಲಿಲ್ಲ. ಉಗುರಿನಿಂದ ಕೆರೆದರು. ಉಗುರು ಜಾರಿತು.

"ದೋಣಿ ನೀರಿಗಿಳಿಸಿದ್ದು ಯಾವತ್ತು?"

"ಮಂಗಳವಾರ."

"ಪ್ಲಂಬರ್ ಸೋಮವಾರ ಸಂಜೆ ಗೇಟು ದಾಟಿದ್ದಾನೆ. ವಾಪಸ್ ಬಂದದ್ದು ಇವತ್ತು. ಕಾವಲುಗಾರನ ಪುಸ್ತಕದಲ್ಲಿದೆ." ಆಕೆ ಗೆರೆಯ ಮೇಲೆ ಬೆರಳಿಟ್ಟರು. "ಇದು ಉಪ್ಪು. ದೋಣಿ ನೆಲದ ಮೇಲಿದ್ದಾಗ ಬಂದದ್ದಲ್ಲ. ಪಂಪು ಒತ್ತಿದಾಗ ಆ ತೂತಿನಿಂದ ಹನಿ ಚಿಮ್ಮಿ ಇಳಿದದ್ದು. ಉಗುರಿಗೆ ಸಿಗ್ತಿಲ್ಲ, ಯಾಕಂದ್ರೆ ವಾರ್ನಿಷ್‌ನ ಕೆಳಗಿದೆ. ವಾರ್ನಿಷ್‌ನ ಮೇಲೆ ಒಂದು ಹನಿಯೂ ಇಲ್ಲ. ಅಂದ್ರೆ ಬ್ರಷ್ ಎಳೆಯೋಕೆ ಮುಂಚೆಯೇ ಹನಿ ನಿಂತಿತ್ತು. ತೂತು ಮುಚ್ಚಿದವರು ನೀವು."

ಒಡೆಯ ಗೋಡೆಗೆ ಒರಗಿದ. ಹಿಂದಕ್ಕೆ ಸರಿಯಲು ಜಾಗವಿರಲಿಲ್ಲ. ನಿಧಾನಕ್ಕೆ ಒಪ್ಪಿಕೊಂಡ: ಸೋರುತ್ತಿದೆ, ಕಳಪೆ ಕೆಲಸ ಅಂದುಕೊಂಡಿದ್ದ. ಭಾವಮೈದುನನನ್ನು ಕರೆದರೆ ಅವನಿಂದ ನಾಲ್ಕು ಮಾತು ಕೇಳಬೇಕಾಗುತ್ತದೆಂದು ತಾನೇ ಮುಚ್ಚಿದ.

"ಹನಿ ಹನಿಗೂಡಿ ಹಳ್ಳ ಅಂತಾರೆ," ಎಂದ ಪ್ಲಂಬರ್. "ನೀವು ಹನಿ ನಿಲ್ಲಿಸಿ ಕಡಲು ಕರೆಸಿದ್ರಿ ಭಾವ."

ಅಕ್ಕ ಎದ್ದು ಬಾಗಿಲಿಗೆ ಬಂದಳು.

"ಇವನ ವಿವರಣೆ ಕೇಳಿದಾಗಲೇ, ಕಾರಣ ನೀವೇ ಅಂತ ಗೊತ್ತಾಯ್ತಾ ನಿಮಗೆ?"

"ನಿನ್ನನ್ನ ಮೇಲೆತ್ತಿದ್ರು ಅಂದಾಗಲೇ," ಎಂದ ಗಂಡ.

ಒಂದೂವರೆಗೆ ಪರವಾನಗಿ ವಾಪಸ್ ಬಂತು. ಎರಡಕ್ಕೆ ಅಕ್ಕ ಬಟ್ಟೆಯ ಚೀಲ ಹಿಡಿದು ತಮ್ಮನ ಜೊತೆ ಗೇಟು ದಾಟಿದಳು.