ಸೌದಾಮಿನಿ ಟೀಚರ್ ಬರೆಯದ ಪುಟ

"ನನ್ನ ಗಂಡ ಸಾಯುವಾಗ ನಾನೆಲ್ಲಿದ್ದೆ ಅಂತ ಕೇಳೋಕೆ ನೀವ್ಯಾರ್ರೀ?"

ಸೌದಾಮಿನಿ ಕರಡು ಪ್ರತಿಯನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಸುಲೈಮಾನಿ ಚಹಾದ ಲೋಟ ಉರುಳಿತು. ಕೋಝಿಕ್ಕೋಡಿನ ಆ ಪುಟ್ಟ ಪ್ರಕಾಶನದ ಕಚೇರಿಯಲ್ಲಿ ಎಲ್ಲರೂ ತಲೆಯೆತ್ತಿ ನೋಡಿದರು.

ಸಂಪಾದಕ ಜಯಪಾಲನ್ ಮಾತ್ರ ಮೆಲ್ಲಗೆ ಎದ್ದು ಒದ್ದೆ ಕಾಗದ ಒರೆಸತೊಡಗಿದ.

ಊರಿಗೆಲ್ಲ ಅವಳು ಟೀಚರ್. ಐದು ವರ್ಷ ನಗರಸಭೆಯ ಅಧ್ಯಕ್ಷೆಯಾಗಿದ್ದವಳು. ಐವತ್ತೆರಡನೇ ವಯಸ್ಸಿಗೆ ತನ್ನ ಬದುಕನ್ನೇ ಪುಸ್ತಕ ಮಾಡಿದ್ದಳು. 'ಪ್ರಭಾಕರೇಟ್ಟನ ಕೊನೆಯುಸಿರಿನ ಹೊತ್ತಿಗೆ ಅವರ ಕೈ ನನ್ನ ಕೈಯಲ್ಲಿತ್ತು' ಎಂದು ಅವಳು ಗಂಡನ ಬಗ್ಗೆ ಬರೆದ ಸಾಲಿನ ಪಕ್ಕ ಜಯಪಾಲನ್ ಪೆನ್ಸಿಲಿನಲ್ಲಿ ಕೇಳಿದ್ದ, 'ನೀವು ಆಗ ಅಲ್ಲಿದ್ದಿರಾ?'

"ಪತ್ರಿಕೆ ಬಿಟ್ರೂ ವರದಿಗಾರನ ಬುದ್ಧಿ ಬಿಡ್ಲಿಲ್ಲ ನೋಡಿ! ಅಧ್ಯಕ್ಷೆ ಆಗಿದ್ದಾಗ ನನ್ನನ್ನ ಹುರಿದು ಮುಕ್ಕಿದ್ದು ಸಾಲ್ದಾ?"

"ಒಂದು ನಿಮಿಷ ಕೂತ್ಕೊಳ್ಳಿ ಟೀಚರ್..."

"ಕೂರಲ್ಲ!"

ಮನೆಗೆ ಬಂದವಳು ಒಬ್ಬಳಿಗಾಗುವಷ್ಟು ಗಂಜಿ ಕಾಯಿಸಿ ನಿಂತೇ ಕುಡಿದಳು. ಅಧಿಕಾರವಿದ್ದಾಗ ಬೆಳಕು ಹರಿಯುವ ಮುನ್ನವೇ ವರಾಂಡ ತುಂಬುತ್ತಿತ್ತು. ಈಗ ಹಾಲಿನವನು ಕೂಡ ಗೇಟಿಗೆ ಪ್ಯಾಕೆಟ್ ಸಿಕ್ಕಿಸಿ ಹೋಗುತ್ತಾನೆ. ಇವತ್ತಿನವರೆಗೆ ಮೂರು ದಿನ ಅವಳು ಯಾರೊಂದಿಗೂ ಬಾಯಿಬಿಟ್ಟಿರಲಿಲ್ಲ. ಇವತ್ತು ಆಡಿದ್ದೂ ಜಗಳವೇ.

'ಅವನಿಗೆ ಹೇಗೆ ಗೊತ್ತಾಯ್ತು?' ಅದೊಂದೇ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು.

ಎರಡು ದಿನ ಬಿಟ್ಟು ಮಧ್ಯಾಹ್ನ ಜಯಪಾಲನ್ನೇ ಬಂದ. ಕೈಯಲ್ಲಿ ಬಿಸಿ ಪಳಂಪೊರಿಯ, ಬಾಳೆಹಣ್ಣಿನ ಬಜ್ಜಿಯ, ಪೊಟ್ಟಣ.

"ಜಗಳ ಆಡೋದಿದ್ರೆ ತಿಂದ್ಕೊಂಡು ಆಡೋಣ, ಟೀಚರ್."

ಅವಳು ನಗಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.

"ಅವರು ತೀರಿಕೊಂಡ ದಿನ ನಗರಸಭೆಯ ಸಭೆಯಲ್ಲಿ ನಾನು ಪತ್ರಕರ್ತರ ಬೆಂಚಲ್ಲಿದ್ದೆ," ಅವನ ದನಿ ತಗ್ಗಿತು. "ನಿಮ್ಮ ಫೋನ್ ಮಿನುಗ್ತಾನೇ ಇತ್ತು. ನೀವು ಅದನ್ನ ಬೋರಲು ಹಾಕಿದ್ರಿ."

ಸೌದಾಮಿನಿ ವರಾಂಡದ ಕುರ್ಚಿಯಲ್ಲಿ ಕೂತಳು.

"ಮತ್ತೆ... ಯಾಕೆ ಬರೀಲಿಲ್ಲ? ನಿಮ್ಮ ಪತ್ರಿಕೆಗೆ ಹಬ್ಬ ಆಗ್ತಿತ್ತಲ್ಲ!"

"ಸಾವಿನ ಸುದ್ದಿ ಬಂದ ಮೇಲೆ ಬರಿಯೋಕೆ ಕೂತೆ. ಆಗ್ಲಿಲ್ಲ. ಮುಂದಿನ ತಿಂಗಳು ಕೆಲಸಾನೇ ಬಿಟ್ಟೆ."

"ಹಾಗಾದ್ರೆ ಈಗ ಯಾಕೆ ಕೆದಕ್ತೀರಿ?"

"ಸುಳ್ಳು ಅಚ್ಚಾದ್ಮೇಲೆ ನಿಜ ಯಾರ ಹತ್ರ ಹೇಳ್ಕೋತೀರಿ? ಆಯಸ್ಸೆಲ್ಲ ಒಬ್ಬರೇ ಹೊತ್ಕೊಂಡಿರ್ತೀರಾ?"

ಆರು ವರ್ಷದಿಂದ ಯಾರಿಗೂ ಹೇಳದ್ದನ್ನು ಅವಳು ಹೇಳಿಬಿಟ್ಟಳು.

"ಹನ್ನೊಂದು ಸಲ ಕರೆ ಮಾಡಿದ್ರು, ಜಯಪಾಲನ್! ಹನ್ನೊಂದು ಸಲ... ಆ ಕಸದ ಗುಡ್ಡೆ ತೆಗೆಸೋ ವಿಷಯಕ್ಕೆ ಎರಡೂ ಕಡೆ ಸಮ ಮತ ಬಿದ್ದಿತ್ತು. ಅಧ್ಯಕ್ಷೆಯ ನಿರ್ಣಾಯಕ ಮತ ಒಂದು ಹಾಕಿ ಎದ್ದುಬಿಡ್ತೀನಿ ಅಂದ್ಕೊಂಡೆ. ಮನೆಗೆ ಬಂದ್ರೆ ಅವರು ಅಡುಗೆಮನೆ ಬಾಗಿಲಲ್ಲಿ..."

ಅವನು ಅವಳ ಅಳು ಮುಗಿಯುವವರೆಗೂ ಎದುರಿಗೆ ಕೂತಿದ್ದ. ಹೀಗೆ ಒಬ್ಬರ ಮುಂದೆ ಅತ್ತು ಎಷ್ಟು ಕಾಲವಾಗಿತ್ತು!

ಆ ವಾರವೇ ಸೌದಾಮಿನಿ ಆ ಸಾಲನ್ನು ಹೊಡೆದುಹಾಕಿ ಹನ್ನೊಂದು ಕರೆಗಳ ಕಥೆಯನ್ನು ಇದ್ದದ್ದು ಇದ್ದಂತೆ ಬರೆದಳು.

ಪುಸ್ತಕ ಅಚ್ಚಾಯಿತು. ಆ ಊರಲ್ಲಿ ಬಿಡುಗಡೆಯೆಂದರೆ ವೇದಿಕೆಯಲ್ಲಿ ಮೊದಲ ಪ್ರತಿ ಕೊಡಲು ಒಬ್ಬರು, ಸ್ವೀಕರಿಸಲು ಇನ್ನೊಬ್ಬರು ಬೇಕು. ಸ್ವೀಕರಿಸಲು ಶಾಸಕರೇ ಇರಲಿ ಎಂದು ಅವಳ ಪಕ್ಷದವರು ಪಟ್ಟು ಹಿಡಿದಿದ್ದರು. ಆದರೆ ಆಮಂತ್ರಣ ಪತ್ರಿಕೆ ನೋಡಿ ಜಯಪಾಲನ್ ಹೌಹಾರಿದ. ಸ್ವೀಕರಿಸುವವರ ಜಾಗದಲ್ಲಿದ್ದದ್ದು ಅವನ ಹೆಸರು!

"ಟೀಚರ್, ಸಂಪಾದಕ ಅಂದ್ರೆ ಹಿಂದಿನ ಸಾಲಲ್ಲಿ ಕೂರೋನು. ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಅಂತಾನೇ ಅಚ್ಚು ಹಾಕಿಸಿದ್ದು."

ಐವತ್ತೇಳರ ಗಂಡಸಿನ ಕಿವಿ ಕೆಂಪಾಯಿತು. ಆಮಂತ್ರಣವನ್ನು ಮಡಚಿ ಜೇಬಿಗಿಟ್ಟ.

"ಸರಿ... ತಗೋತೀನಿ. ತಗೊಂಡು ಸುಮ್ನೆ ಕೆಳಗಿಳಿದು ಹೋದ್ರಾಯ್ತು, ಅಲ್ವಾ?"

ಸೌದಾಮಿನಿ ಅವನ ಮುಖ ನೋಡಲಾರದೆ ಸೆರಗಿನ ಅಂಚು ಹಿಡಿದಳು. ಸಾವಿರ ಜನರೆದುರು ಭಾಷಣ ಮಾಡಿದವಳು ಈ ಒಂದು ಮಾತನ್ನು ತಡೆತಡೆದು ಆಡಿದಳು.

"ಪುಸ್ತಕ ಮಾತ್ರ ತಗೊಂಡು ಹೋಗ್ಬೇಡಿ, ಜಯಪಾಲನ್... ನನ್ನನ್ನೂ ಕರ್ಕೊಂಡು ಹೋಗಿ."

"ಎಲ್ಲಿಗೆ?"

"ಎಲ್ಲಿಗಾದ್ರೂ... ಮಾತಾಡ್ತಾ ಹೋಗೋಣ."