ಕಿಟಕಿಗೆ ಅಡ್ಡ ನಿಂತ ಬಿಳಿ ಗಾಡಿ

ಹನ್ನೊಂದು ತಿಂಗಳಿಂದ ವಿಮಲಾಳ ಕಿಟಕಿಯಲ್ಲಿ ಕಾಣುತ್ತಿದ್ದುದು ಒಂದು ಬಿಳಿ ಗೋಡೆ ಮಾತ್ರ. ಗೋಡೆಯಾದರೂ ಆಗಿದ್ದರೆ ಅವಳ ಗಂಡ ಹಯವದನ ಹಣೆಬರಹವೆಂದು ಸುಮ್ಮನಿರುತ್ತಿದ್ದನೇನೋ. ಅದು ಪಕ್ಕದ ಮನೆಯ ಪಟ್ಟಾಭಿರಾಮ ತಂದು ನಿಲ್ಲಿಸಿದ ಕ್ಯಾಂಪಿಂಗ್ ಟ್ರೇಲರ್‌ನ ಮಗ್ಗುಲು. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಎಲ್ಲಿ ಬೇಕಾದರೂ ನಿಲ್ಲಿಸಿ, ಒಳಗೇ ಉಂಡು, ಚಾವಣಿಯ ಗಾಜಿನ ಕಿಂಡಿಯಲ್ಲಿ ಆಕಾಶ ನೋಡುತ್ತ ಒಳಗೇ ಮಲಗುವ ಗಾಲಿಮನೆ. ವಡೋದರಾದ ಮಕರಪುರದ ಶೆಡ್ಡೊಂದರಲ್ಲಿ ಹೇಳಿ ಮಾಡಿಸಿದ್ದು. ಕಛ್‌ಗೆ ಹೋಗುತ್ತೇವೆ, ಗಿರ್‌ಗೆ ಹೋಗುತ್ತೇವೆ ಎಂದು ಊರಿಗೆಲ್ಲ ಸಾರಿದ್ದೇ ಬಂತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಈ ಹೌಸಿಂಗ್ ಸೊಸೈಟಿಗೆ ಬಂದ ಮೇಲೆ ಅದು ಒಂದು ದಿನವಾದರೂ ಗೇಟು ದಾಟಿದ್ದರೆ ಕೇಳಿ!

ಪಾರ್ಶ್ವವಾಯು ಬಡಿದು ಮೂರು ವರ್ಷದಿಂದ ವಿಮಲಾ ಹಾಸಿಗೆಯಲ್ಲಿದ್ದಳು. ಗಾಲಿಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತರೆ ಬೆನ್ನು ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಪಾಲಿಗೆ ಉಳಿದಿದ್ದ ಲೋಕವೆಂದರೆ ಆ ಕಿಟಕಿ: ಒಂದು ಬೇವಿನ ಮರ, ಅದರಲ್ಲಿ ಜಗಳಾಡುವ ಗೊರವಂಕಗಳು, ತರಕಾರಿ ಗಾಡಿಯವನು, ಒಂದು ತುಂಡು ಆಕಾಶ. ಅದನ್ನೂ ಕಿತ್ತುಕೊಂಡರಲ್ಲ ಎಂದು ಹಯವದನನ ಹೊಟ್ಟೆ ಉರಿಯುತ್ತಿತ್ತು.

ಪಟ್ಟಾಭಿ ಹೊರಗಿನವನೇನಲ್ಲ. ಇಬ್ಬರೂ ಮೈಸೂರಿನವರು, ಇಲ್ಲಿನ ಒಂದೇ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಮೂವತ್ತು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತು ನಿವೃತ್ತರಾದ ಇಂಜಿನಿಯರುಗಳು.

"ಪಟ್ಟಾಭಿ, ಅದನ್ನ ಸ್ವಲ್ಪ ಹಿಂದಕ್ಕೆ ಸರಿಸೋ. ವಿಮಲಾಗೆ ಏನೂ ಕಾಣಿಸ್ತಿಲ್ಲ."

"ಹಿಂದೆ ಬೋರ್‌ವೆಲ್ ಇದೆಯಲ್ಲಯ್ಯಾ. ಬೇಸಿಗೆಗೆ ಹೊರಟೇ ಬಿಡ್ತೀವಿ, ಸ್ವಲ್ಪ ತಡ್ಕೋ."

ಬೇಸಿಗೆ ಬಂತು, ಪಟ್ಟಾಭಿಯ ಮಂಡಿಗೆ ಆಪರೇಷನ್ನಾಯಿತು. ಮಳೆಗಾಲ ಬಂತು, ಗಾಡಿಗೆ ಟಾರ್ಪಾಲು ಬಂತು. ಸೊಸೈಟಿಯ ಕಮಿಟಿಯವರು, ಅವರ ಜಾಗದಲ್ಲಿ ಅವರು ನಿಲ್ಲಿಸಿಕೊಂಡಿದ್ದಾರೆ, ನಾವೇನು ಮಾಡೋಣ ಎಂದು ಚಹಾ ಕುಡಿಸಿ ಕಳಿಸಿದರು.

ಜನವರಿ ಮೊದಲ ವಾರ ವಿಮಲಾ ತೊದಲುತ್ತ ಕೇಳಿದಳು: "ಈ ಸಲ ಹಬ್ಬಕ್ಕೆ ಗಾಳಿಪಟ ಕಾಣಲ್ಲ, ಅಲ್ವೇನ್ರೀ?"

"ಕಾಣತ್ತೆ. ನಾನು ಮಾತು ಕೊಡ್ತೀನಿ," ಎಂದು ಅಡುಗೆಮನೆಗೆ ಹೋಗಿ ಸಿಂಕು ಹಿಡಿದು ನಿಂತ. ಯೋಜನೆ ಹುಟ್ಟಿದ್ದು ಅಲ್ಲೇ.

ಪಟ್ಟಾಭಿ ಅಚ್ಚುಕಟ್ಟಿನ ಮನುಷ್ಯ. ಬಹಳ ದಿನ ನಿಲ್ಲಿಸುವ ಟ್ರೇಲರಿಗೆ ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಬ್ರೇಕು ಹಿಡಿದುಕೊಂಡುಬಿಡುತ್ತದೆ. ಆದ್ದರಿಂದ ಬ್ರೇಕು ಬಿಟ್ಟು, ಗಾಲಿಗಳಿಗೆ ಮರದ ತುಂಡು ಕೊಟ್ಟಿದ್ದ. ಅವನ ಅಂಗಳ ಗೇಟಿನ ಕಡೆಗೆ ಇಳಿಜಾರು. ಗೇಟಿನಾಚೆ ಓಣಿ, ಓಣಿಯಾಚೆ ಪಂಪ್‌ಹೌಸಿನ ಗಟ್ಟಿ ಗೋಡೆ. ತುಂಡು ಜಾರಿದರೆ ಉಳಿದದ್ದನ್ನು ಭೂಮಿಯೇ ನೋಡಿಕೊಳ್ಳುತ್ತಿತ್ತು.

ಪಟ್ಟಾಭಿ ದಂಪತಿ ಊರಂಚಿನ ಬೋಪಾಲ್ ಬಡಾವಣೆಯ ಉಡುಪಿ ಹೋಟೆಲಿಗೆ ದೋಸೆ ತಿನ್ನಲು ಹೋಗುತ್ತಿದ್ದ ಭಾನುವಾರ ಹಯವದನ ಟೇಪು ಹಿಡಿದು ಗಾಡಿಯ ಸುತ್ತ ಎಲ್ಲವನ್ನೂ ಅಳೆದ. ಡಿಸೆಂಬರಿನಲ್ಲಿ ಮಕರಪುರದ ಮೇಸ್ತ್ರಿ ಬಂದು ಹಿಂಬಾಗಿಲಿಗೆ ಮಡಚುವ ಇಳಿಜಾರು ಹಲಗೆಯೊಂದನ್ನು ಕೂರಿಸಿ ಹೋಗಿದ್ದ. ತಗಡಿನದು, ಅಗಲ ಇಪ್ಪತ್ತೇಳು ಇಂಚು. ಸೈಕಲ್ ಹತ್ತಿಸಲಿಕ್ಕಿರಬೇಕು, ಇವನ ಶೋಕಿಗೆ ಕೊನೆಯೇ ಇಲ್ಲ ಎಂದುಕೊಂಡು, ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಿದ.

ದಿನ ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ನಮ್ಮ ಸಂಕ್ರಾಂತಿ ಇಲ್ಲಿ ಉತ್ತರಾಯಣ. ಅಂದು ಇಡೀ ಅಹಮದಾಬಾದು ತಾರಸಿ ಮೇಲಿರುತ್ತದೆ. ಮನೆಮನೆಗೂ ಲೌಡ್‌ಸ್ಪೀಕರು, ಓಣಿಗಳು ಖಾಲಿ. ಉತ್ತರಾಯಣದ ದಿನ ಈ ಊರಿನಲ್ಲಿ ಯಾರೂ ಕೆಳಗೆ ನೋಡುವುದಿಲ್ಲ. ಯಾರಿಗೂ ಒಂದು ಗೀರೂ ಬೀಳಬಾರದೆಂಬುದು ಅವನ ಮೊದಲ ಷರತ್ತು; ಅವನೇನು ಕೊಲೆಗಡುಕನೇ? ಸಾಯಬೇಕಾದದ್ದು ಗಾಡಿ ಮಾತ್ರ.

ದಾರದ ವಿಚಾರವಂತೂ ಅವನಿಗೇ ಮೆಚ್ಚುಗೆಯಾಗಿತ್ತು. ಗಾಳಿಪಟದ ಗುಲಾಬಿ ದಾರವನ್ನೇ ಹನ್ನೆರಡು ಎಳೆ ಹೊಸೆದು ಗಟ್ಟಿ ಮಾಡಿದ. ಮರದ ತುಂಡಿಗೆ ಸೋಪು ಸವರಿದ. ದಾರವನ್ನು ಅದಕ್ಕೆ ಬಿಗಿದು, ಕಾಂಪೌಂಡಿನ ಮೇಲೆ ಹಾಯಿಸಿ, ತನ್ನ ತಾರಸಿಗೆ ತಂದ. ಹಬ್ಬದ ದಿನ ಮರ, ಕಂಬ, ಗೇಟು ಎಲ್ಲದರ ಮೇಲೂ ದಾರ ನೇತಾಡುತ್ತಿರುತ್ತದೆ. ಅದರಲ್ಲಿ ಇದೊಂದನ್ನು ಯಾವ ಪೊಲೀಸಪ್ಪ ಹುಡುಕುತ್ತಾನೆ? ತಾರಸಿಯಿಂದ ಕೆಳಗಿನ ಗಾಡಿ ಕಾಣದಂತೆ ಕಿಟಕಿಯ ಸಜ್ಜಾ ಅಡ್ಡವಿತ್ತು. ಅದೂ ಒಳ್ಳೆಯದೇ ಆಯಿತು.

ಹಬ್ಬದ ಬೆಳಿಗ್ಗೆ ಪಟ್ಟಾಭಿ ಗಾಡಿಯ ಟಾರ್ಪಾಲು ತೆಗೆದು ಒರೆಸಿ ಫಳಫಳ ಮಾಡಿದ. ಬರುವ ನೆಂಟರಿಗೆ ತೋರಿಸಿಕೊಳ್ಳಲಿಕ್ಕೆ, ಮೆರೆಯಲಿ ಇನ್ನು ನಾಲ್ಕು ಗಂಟೆ, ಎಂದು ಹಯವದನ ನಕ್ಕ. ಅವರೆಲ್ಲ ಮೇಲೆ ಹತ್ತಿದ ಮೇಲೆ, ನೆಂಟರಿಗೆಂದು ಪೂರ್ತಿ ತೆರೆದಿಟ್ಟಿದ್ದ ಗೇಟಿನಿಂದ ಒಳಗೆ ಹೋಗಿ, ಆಚೆ ಗಾಲಿಯ ತುಂಡನ್ನು ಮೆಲ್ಲಗೆ ತೆಗೆದು ಬಂದ. ಗಾಡಿ ಈಚೆಯ ಒಂದೇ ತುಂಡಿನ ಮೇಲೆ ನಿಂತಿತು.

ಮಧ್ಯಾಹ್ನ ಹನ್ನೆರಡಕ್ಕೆ, ಎಲ್ಲರ ಕಣ್ಣಿಗೂ ಬೀಳುವಂತೆ ಬಿಳಿ ಟೋಪಿ ಹಾಕಿಕೊಂಡು ತಾರಸಿ ಏರಿದ. ಆಚೆ ತಾರಸಿಯಿಂದ ಪಟ್ಟಾಭಿಯ ಹೆಂಡತಿ ಗಿರಿಜಾ ಎಳ್ಳುಬೆಲ್ಲದ ತಟ್ಟೆ ಎತ್ತಿ ತೋರಿಸಿದಳು.

"ನಾನು ವಿಮಲಾ ಹತ್ರ ಕೂತಿರ್ತೀನಿ. ನೀವು ನಾಲ್ಕು ಗಂಟೆವರೆಗೂ ಕೆಳಗೆ ಇಳೀಲೇಬಾರ್ದು, ಹಯವದನ ಅವ್ರೇ!"

"ಆಯ್ತಮ್ಮ, ಇಳಿಯಲ್ಲ."

ಪಟ್ಟಾಭಿ ಯಾಕೋ ಮೀಸೆಯಡಿ ನಗುತ್ತಿದ್ದ. ದೇವರೇ ನಿಂತು ನಡೆಸಿಕೊಡುತ್ತಿದ್ದಾನೆ ಅನ್ನಿಸಿತು ಹಯವದನನಿಗೆ. ಗಾಡಿ ಗುದ್ದುವ ಸದ್ದಿಗೆ ವಿಮಲಾ ಬೆಚ್ಚಿಬೀಳಬಾರದಲ್ಲ, ಪಕ್ಕದಲ್ಲಿ ಗಿರಿಜಾ ಇರುತ್ತಾಳೆ. ಒಂದೂವರೆ ಗಂಟೆ ಆಕಾಶ ನೋಡುತ್ತ, ಕೆಂಪು ಪಟವೊಂದನ್ನು ಹಾರಿಸುತ್ತ ನಿಂತ. ಇಡೀ ಓಣಿ ಅವನನ್ನು ನೋಡಿತು. ಅವನು ಒಮ್ಮೆಯೂ ಕೆಳಗೆ ನೋಡಲಿಲ್ಲ.

ಒಂದೂವರೆಗೆ ಎದುರು ಮನೆಯವರು ಹಾಡಿನ ಸದ್ದು ಏರಿಸಿದರು. ಹಯವದನ ಗುಲಾಬಿ ದಾರವನ್ನು ಕೈಗೆ ಸುತ್ತಿಕೊಂಡು, ಪಟ ಜಗ್ಗುವವನ ಹಾಗೆ ಹಿಂದಕ್ಕೆ ಬಾಗಿ ಎಳೆದ. ದಾರ ಅಂಗೈಯನ್ನು ಕೊಯ್ದು, ಬಿಗಿದು, ಪಟಕ್ಕನೆ ಸಡಿಲವಾಯಿತು. "ಕಾಪ್ಯೋ ಛೇ!" ಎಂದು, ಎದುರಾಳಿಯ ಪಟ ಕತ್ತರಿಸಿದವರು ಕೂಗುವಂತೆ ಕೂಗಿದ. ಹತ್ತು ತಾರಸಿಗಳು ಅವನ ಜೊತೆ ಕೂಗಿದವು. ಗಾಲಿ ಉರುಳುವ ಸದ್ದು, ತಗಡು ನೆಲಕ್ಕೆ ಉಜ್ಜುವ ಕಿರಿಚಾಟ, ಆಮೇಲೆ ಒಂದು ಧಡಾರನೆಯ ಹೊಡೆತ.

ಇನ್ನೂ ಐದು ನಿಮಿಷ ಮೇಲೆಯೇ ಇರಬೇಕೆಂಬುದು ಯೋಜನೆ. ಆದರೆ ವಿಮಲಾಳ ಮುಖ ನೋಡುವ ಆಸೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಓಡಿದ. "ವಿಮಲಾ, ನೋಡೇ! ಕಾಣತ್ತಾ ಈಗ?"

ಕೋಣೆಯ ತುಂಬ ಬಿಸಿಲು. ಕಿಟಕಿಯಲ್ಲಿ ಬೇವಿನ ಮರ, ಅದರ ಮೇಲೆ ನೀಲಿ ಆಕಾಶ, ಲೆಕ್ಕವಿಲ್ಲದಷ್ಟು ಪಟಗಳು. ಹಾಸಿಗೆ ಖಾಲಿ. ಹೊದಿಕೆಯನ್ನು ಯಾರೋ ನೀಟಾಗಿ ಮಡಚಿಟ್ಟಿದ್ದರು, ಅದರ ಮೇಲೆ ಎಳ್ಳುಬೆಲ್ಲದ ಪೊಟ್ಟಣ. ಹೊರಗೆ ಹಾಡನ್ನೂ ಮೀರಿ ಪಟ್ಟಾಭಿಯ ಗಂಟಲು ಹರಿಯುತ್ತಿತ್ತು: "ಗಿರಿಜಾ! ವಿಮಲಾ!" ಬಿಳಿ ಗಾಡಿಯ ಒಳಗೊಂದು ಹಾಸಿಗೆ, ಹಾಸಿಗೆಯ ಮೇಲೆ ಆಕಾಶಕ್ಕೆ ತೆರೆಯುವ ಗಾಜಿನ ಕಿಂಡಿ ಇತ್ತೆಂಬುದು ಹಯವದನನಿಗೆ ಗೊತ್ತಿತ್ತು. ಹಿಂಬಾಗಿಲ ಹಲಗೆಯ ಅಗಲ ಇಪ್ಪತ್ತೇಳು ಇಂಚೆಂಬುದೂ ಗೊತ್ತಿತ್ತು. ಕೋಣೆಯ ಮೂಲೆಯಲ್ಲಿ ಸದಾ ನಿಂತಿರುತ್ತಿದ್ದ ಗಾಲಿಕುರ್ಚಿ ಅಲ್ಲಿರಲಿಲ್ಲ. ಅದರ ಅಗಲ ಇಪ್ಪತ್ತೈದು ಇಂಚು. ಅಂಗಡಿಯಲ್ಲಿ ಟೇಪು ಹಿಡಿದು ಅಳೆದು ತಂದವನು ಅವನೇ.